ಬಿಚ್ಚಿದ್ದನ್ನು ಬಚ್ಚಿಡಬಾರದು

ನನ್ನ ತಂಗಿಯ ಮಗ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದ್ದಾನೆ. ಕಳೆದ ಬೇಸಿಗೆಯಲ್ಲಿ ಮೂರು ವಾರ ಅವನ ಮನೆಯಲ್ಲಿದ್ದೆ. ಅವನಲ್ಲಿ 2004ರ ಮಿನಿ ಕೂಪರ್ ಎಸ್ ಕಾರೊಂದಿತ್ತು. ಆಕ್ಸ್‌ಫರ್ಡಿನಲ್ಲಿ ತಯಾರಾದ, 1.6 ಲೀಟರ್ ಎಂಜಿನ್ನಿನ ಈ ಪುಟ್ಟ ವಾಹನಕ್ಕೆ ಸೂಪರ್‌ಚಾರ್ಜರ್ ಎಂಬ ಸಾಧನವಿದೆ. ಎಂಜಿನ್ನು ತಾನಾಗಿ ಎಳೆದುಕೊಳ್ಳುವುದಕ್ಕಿಂತ ಹೆಚ್ಚು ಗಾಳಿಯನ್ನು ಅದರೊಳಗೆ ಒತ್ತಿ ತುಂಬುವುದು ಅದರ ಕೆಲಸ. ನಮ್ಮ ಹಿಟ್ಟಿನ ಗಿರಣಿಯಲ್ಲಿರುವಂತೆ ಅಲ್ಲಿಯೂ ಬೆಲ್ಟು ಮತ್ತು ಪುಲ್ಲಿಗಳ ಮೂಲಕವೇ ಚಲನೆ ಬರುತ್ತದೆ. ಸೂಪರ್‌ಚಾರ್ಜರಿನ ಪುಲ್ಲಿ ಚಿಕ್ಕದಾದಷ್ಟೂ ಅದು ವೇಗವಾಗಿ ತಿರುಗುತ್ತದೆ.

ಎರಡು ವರ್ಷಗಳ ಹಿಂದೆ ಅವನು ಕಾರ್ಖಾನೆಯ ಪುಲ್ಲಿಯನ್ನು ತೆಗೆದು, ವ್ಯಾಸದಲ್ಲಿ ಶೇಕಡಾ 15ರಷ್ಟು ಚಿಕ್ಕದಾದುದನ್ನು ಕೂರಿಸಿದ್ದನು. "ವೇಗವೂ ಶೇಕಡಾ 15 ಹೆಚ್ಚಿತು, ಮಾವ" ಎಂದನು. ಬೆಲೆಯನ್ನು ಶೇಕಡಾ 15 ಇಳಿಸಿದ ವರ್ತಕನು ಮೊದಲಿನ ಬೆಲೆಗೆ ಮರಳಲು ಶೇಕಡಾ 17.6ರಷ್ಟು ಏರಿಸಬೇಕಾಗುತ್ತದೆ. ಇಲ್ಲಿಯೂ ಅದೇ ಲೆಕ್ಕ. ಮೊದಲು ನಿಮಿಷಕ್ಕೆ 12,000 ಸುತ್ತು ತಿರುಗುತ್ತಿದ್ದುದು ಈಗ 14,100ಕ್ಕೂ ಮಿಕ್ಕಿ ತಿರುಗುತ್ತದೆ. ಲಾಭವು ಎಣಿಸಿದ್ದಕ್ಕಿಂತ ಹೆಚ್ಚಾದಂತೆ ಸವೆತವೂ ಹೆಚ್ಚು. ಗಾಳಿ ಹೆಚ್ಚು ಒತ್ತಲ್ಪಟ್ಟಷ್ಟೂ ಬಿಸಿಯಾಗುತ್ತದೆ. ಬಿಸಿ ಮಿತಿಮೀರಿದರೆ ಇಂಧನವು ಅಕಾಲದಲ್ಲಿ ಸಿಡಿದು ಎಂಜಿನ್ನಿಗೆ ಪೆಟ್ಟು ಕೊಡುತ್ತದೆ. ಬೇರಿಂಗುಗಳ ಮೇಲೂ ಬೆಲ್ಟಿನ ಮೇಲೂ ಹೊರೆ ಬೀಳುತ್ತದೆ.

ಈಗ ಅವನು ಕಾರನ್ನು ಮಾರಲು ನಿಶ್ಚಯಿಸಿ, ಹಳೆಯ ಪುಲ್ಲಿಯನ್ನೇ ಮರಳಿ ಜೋಡಿಸಲು ತೊಡಗಿದನು. ನಾನು ಪಕ್ಕದಲ್ಲಿ ಕುಳಿತು ನೋಡಿದೆ. ಬ್ಯಾಟರಿಯ ತಂತಿ ಕಳಚಿ, ಬೆಲ್ಟಿನ ಬಿಗಿತ ಸಡಿಲಿಸಿ ಅದನ್ನು ಹೊರತೆಗೆದನು. ಪುಲ್ಲಿಯು ದಂಡಕ್ಕೆ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಸುತ್ತಿಗೆಯಿಂದ ಬಡಿದರೆ ಹಿಂದಿನ ಬೇರಿಂಗು ಕೆಡುತ್ತದೆಯಾದ್ದರಿಂದ, ಪುಲ್ಲರ್ ಎಂಬ ಉಪಕರಣದಿಂದ ಹಿಡಿದು, ಅದರ ತಿರುಪನ್ನು ಮೆಲ್ಲಮೆಲ್ಲನೆ ತಿರುಗಿಸಿ ಎಳೆಯಬೇಕು. ಜೋಡಿಸಬೇಕಾದ ಪುಲ್ಲಿಯನ್ನು ಕಾಯಿಸಿದರೆ ಅದು ಹಿಗ್ಗಿ ದಂಡದ ಮೇಲೆ ಕೂರುತ್ತದೆ. ಆರಿದಾಗ ಕುಗ್ಗಿ ಕಚ್ಚಿಕೊಳ್ಳುತ್ತದೆ. ಅವನ ತಾಳ್ಮೆಯನ್ನು ಕಂಡು ಸಂತೋಷವಾಯಿತು.

ಕೆಲಸ ಮುಗಿಸಿ ಅವನೆಂದನು: "ಇನ್ನು ಕೊಳ್ಳುವವರಿಗೆ ಏನೂ ಗೊತ್ತಾಗುವುದಿಲ್ಲ, ಮಾವ."

"ವಿಮಾ ಕಂಪನಿಗೆ ತಿಳಿಸಿದ್ದೆಯಾ?"

"ತಿಳಿಸಿದ್ದೆ. ಹೆಚ್ಚಿನ ಕಂತನ್ನೂ ಕಟ್ಟಿದೆ. ಅವರು ಕೇಳುತ್ತಾರೆ, ಇವರು ಕೇಳಬೇಕಲ್ಲ?"

ಆ ದೇಶದ 2012ರ ಕಾಯಿದೆಯಂತೆ ಗ್ರಾಹಕನು ವಿಮಾದಾರರಿಗೆ ತಪ್ಪು ಮಾಹಿತಿ ಕೊಡದಂತೆ ತಕ್ಕ ಎಚ್ಚರ ವಹಿಸಬೇಕು. ಆದರೆ ಕೇಳಿದಾಗ ಮಾತ್ರ ಹೇಳುವ ಸತ್ಯವು ಅರ್ಧ ತೂಕದ ಸತ್ಯ. ಪುಲ್ಲಿಯನ್ನು ಮರಳಿ ಕೂರಿಸಬಹುದು. ಎರಡು ವರ್ಷಗಳ ಸವೆತವನ್ನು ಹಿಂದಕ್ಕೆ ತರಲಾಗದು.

ಅವನಿಗೆ ಉಪದೇಶಿಸುವ ಯೋಗ್ಯತೆ ನನಗಿರಲಿಲ್ಲ. ಮೂವತ್ತು ವರ್ಷಗಳ ಹಿಂದೆ ನನ್ನ ಗೋದಾಮಿನಲ್ಲಿ ಮಳೆನೀರಿಗೆ ತೊಯ್ದ ಹನ್ನೆರಡು ಚೀಲ ಕಡಲೆಯನ್ನು ಬಿಸಿಲಿಗೆ ಒಣಗಿಸಿ, ಒಳ್ಳೆಯ ಮಾಲಿನ ದರಕ್ಕೇ ಮಾರಿದ್ದೆನು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಯಲ್ಲಿ ಯಾರಿಗೂ ಹೇಳದ ಆ ಸಂಗತಿಯನ್ನು ಅಂದು ಅವನೆದುರು ಹೇಳಿದೆ. ಅವನು ಮಾತನಾಡದೆ ಕೈ ತೊಳೆಯಲು ಹೋದನು.

ಮರುದಿನ ಒಬ್ಬ ತರುಣಿ ತನ್ನ ತಂದೆಯೊಡನೆ ಕಾರನ್ನು ನೋಡಲು ಬಂದಳು. ಸೋದರಳಿಯನು ಆ ಚಿಕ್ಕ ಪುಲ್ಲಿಯನ್ನು ತಂದು ಅವರ ಮುಂದಿಟ್ಟು, ನಡೆದುದೆಲ್ಲವನ್ನೂ ವಿವರಿಸಿದನು. ಅವರು ಮೆಕ್ಯಾನಿಕ್ಕಿಗೆ ತೋರಿಸಿ, 300 ಪೌಂಡು ಕಡಿಮೆ ಕೊಟ್ಟು ಕೊಂಡರು. ಅವನ ಲೆಕ್ಕ ಅಂದೇ ಚುಕ್ತವಾಯಿತು.

ನನ್ನ ಕಡಲೆಯನ್ನು ಕೊಂಡವರು ಯಾರೆಂದು ಇಂದು ನನಗೆ ನೆನಪಿಲ್ಲ. ಆ ಬಾಕಿಯನ್ನು ಯಾರ ಹೆಸರಿನಲ್ಲಿ ಬರೆಯಲಿ?