ಗಾಯ ಮಾಸಿತು, ನೋವು ಉಳಿಯಿತು

ಹುಣಸೂರು ರಸ್ತೆ ರಿಂಗ್ ರಸ್ತೆಯನ್ನು ದಾಟುವ ಕಡೆ, ಮೈಸೂರಿನ ಹಿನಕಲ್‌ನಲ್ಲಿ ಒಂದು ಮನೆ. ತಾಯಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾಗಿ ಎಂಟು ತಿಂಗಳಾಗಿತ್ತು. ಹೊಲಿಗೆ ಒಣಗಿತ್ತು, ವರದಿಗಳು ಚೆನ್ನಾಗಿದ್ದವು. ನೆಂಟರಿಷ್ಟರು ‘ಗಂಡಾಂತರ ಕಳೆಯಿತು’ ಎಂದು ಹಣ್ಣು ಕೊಟ್ಟು ಹೋಗಿದ್ದರು. ಆದರೆ ರವಿಕೆ ತೊಡುವಾಗಲೆಲ್ಲ ಆಕೆ ಹಲ್ಲು ಕಚ್ಚುತ್ತಿದ್ದರು. ಕಂಕುಳಿನಿಂದ ತೋಳಿನ ಒಳಭಾಗದವರೆಗೆ ಕೆಂಡ ಸವರಿದಂಥ ಉರಿ. ಒಮ್ಮೊಮ್ಮೆ ಕರೆಂಟು ಹೊಡೆದಂತೆ ಸೆಳೆತ.

ದ್ವಿತೀಯ ಪಿಯುಸಿಯ ಮಗಳು ಒಂದು ರಾತ್ರಿ ಓದುತ್ತಿದ್ದವಳು ನೀರಿಗೆಂದು ಎದ್ದಳು. ಅಡುಗೆಮನೆಯ ಕತ್ತಲಲ್ಲಿ ಅಮ್ಮ ತೋಳು ಹಿಡಿದು ನಿಂತಿದ್ದರು. ‘ಏನಿಲ್ಲ ಕಣೆ, ನೀನು ಓದ್ಕೋ ಹೋಗು’ ಎಂದರು. ಮಗಳ ಪರೀಕ್ಷೆ ಮುಗಿಯಲಿ ಎಂಬುದು ಒಂದು ಕಾರಣ. ‘ಎಲ್ಲಾ ಮನಸ್ಸಿನ ಭ್ರಮೆ’ ಎಂದು ಮನೆಯವರೇ ಒಬ್ಬರು ಅಂದಿದ್ದು ಇನ್ನೊಂದು.

ಭ್ರಮೆಯಲ್ಲ. ಕಂಕುಳಿನ ದುಗ್ಧರಸ ಗ್ರಂಥಿಗಳನ್ನು ತೆಗೆಯುವಾಗ ಅಲ್ಲಿ ಹಾದುಹೋಗುವ ‘ಇಂಟರ್‌ಕೋಸ್ಟೋಬ್ರೇಕಿಯಲ್’ ಎಂಬ ನರ ತುಂಡಾಗಬಹುದು, ಇಲ್ಲವೇ ಜಗ್ಗಿ ಘಾಸಿಗೊಳ್ಳಬಹುದು. ಅದು ಸ್ಪರ್ಶವನ್ನು ತಿಳಿಸುವ ನರ, ಸ್ನಾಯುಗಳನ್ನು ಆಡಿಸುವುದಲ್ಲ. ಹಾಗಾಗಿ ಕೈಯ ಬಲ ಕುಂದದು, ನೋಡುವವರಿಗೆ ಏನೂ ಕಾಣದು. ಪೆಟ್ಟು ತಿಂದ ನರ ಮಾತ್ರ ಗಾಯ ಮಾಸಿದ ಮೇಲೂ ಮಿದುಳಿಗೆ ನೋವಿನ ಸುದ್ದಿ ಕಳಿಸುತ್ತಲೇ ಇರುತ್ತದೆ. ಹತ್ತಿಬಟ್ಟೆ ತಗುಲಿದರೂ ಉರಿಯುತ್ತದೆ. ಸಾಮಾನ್ಯ ನೋವಿನ ಮಾತ್ರೆಗೆ ಇದು ಸುಲಭವಾಗಿ ಬಗ್ಗುವುದಿಲ್ಲ.

ಮಗಳ ಬಲವಂತಕ್ಕೆ ಆಸ್ಪತ್ರೆಗೆ ಹೋದರು. ವೈದ್ಯರು ಮೊದಲು ಕಾಯಿಲೆ ಮರುಕಳಿಸಿಲ್ಲವೆಂದು ಖಚಿತಪಡಿಸಿಕೊಂಡರು. ಆಮೇಲೆ ರಾತ್ರಿ ಹೊತ್ತಿಗೆ ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆದುಕೊಟ್ಟರು. ಅದು ಖಿನ್ನತೆಯ ಮಾತ್ರೆಯೆಂದು ಔಷಧದ ಅಂಗಡಿಯಲ್ಲಿ ತಿಳಿದಾಗ ಆಕೆಯ ಮುಖ ಬಾಡಿತು. ‘ಡಾಕ್ಟ್ರೂ ನನ್ನನ್ನ ಹುಚ್ಚಿ ಅಂದ್ಕೊಂಡ್ರಲ್ಲ!’

ಮರುದಿನ ಮಗಳು ಕಾಲೇಜಿನಿಂದ ನೇರ ವೈದ್ಯರಲ್ಲಿಗೇ ಹೋಗಿ ಕೇಳಿದಳು. ಖಿನ್ನತೆಗೆಂದು ಬಂದ ಈ ಔಷಧ, ಅಪಸ್ಮಾರಕ್ಕೆಂದು ಬಂದ ಗ್ಯಾಬಪೆಂಟಿನ್, ಎರಡೂ ನೋವಿನ ಸಂದೇಶವನ್ನು ತಗ್ಗಿಸುತ್ತವೆ ಎಂದು ಅವರು ವಿವರಿಸಿದರು. ಫಲ ಕಾಣಲು ಕೆಲವು ವಾರ ಬೇಕು; ಬಾಯಿ ಒಣಗೀತು, ಮಂಪರು ಬಂದೀತು; ತಾವಾಗಿಯೇ ನಿಲ್ಲಿಸಬಾರದು.

ಜತೆಗೆ ಗೋಡೆಯ ಮೇಲೆ ಬೆರಳುಗಳನ್ನು ಮೆಲ್ಲಗೆ ಏರಿಸುವ ವ್ಯಾಯಾಮ. ಮಗಳು ಚಿಕ್ಕವಳಿದ್ದಾಗ ಅವಳ ಎತ್ತರಕ್ಕೆ ಅಮ್ಮ ಗೆರೆ ಎಳೆದಿದ್ದ ಗೋಡೆಯದು. ಈಗ ಅಮ್ಮನ ಬೆರಳು ಮುಟ್ಟಿದಲ್ಲಿಗೆ ಮಗಳು ಪೆನ್ಸಿಲ್ ಗೆರೆ ಎಳೆದಳು.

ನೋವು ಪೂರ್ತಿ ಹೋಗಿಲ್ಲ. ಆದರೆ ನಿದ್ದೆ ಬರುತ್ತದೆ. ‘ಇವತ್ತು ಉರೀತಿದೆ ಕಣೆ’ ಎಂದು ಆಕೆ ಈಗ ಬಾಯಿಬಿಟ್ಟು ಹೇಳುತ್ತಾರೆ; ಮನೆಯಲ್ಲಿ ಯಾರೂ ಭ್ರಮೆ ಎನ್ನುವುದಿಲ್ಲ.