‘ಹ್ಯಾಸ್’ ಇರಲೋ, ಬೇಡವೋ?

ತುಮಕೂರು ರಸ್ತೆಯ ಮಾಕಳಿಯಲ್ಲಿ ವೃದ್ಧರೊಬ್ಬರು ಇಂಗ್ಲಿಷಿನಲ್ಲಿ ಅರ್ಜಿ ಬರೆಯುತ್ತಿದ್ದರು: ‘ಮೈ ವೈಫ್ ಹ್ಯಾಸ್ ಡೈಡ್ ಇನ್ 2019.’ ಮೊಮ್ಮಗಳು ತಿದ್ದಿದಳು: “ತಾತ, ಇಸವಿಯನ್ನು ಹೇಳಿದ ಮೇಲೆ ‘ಹ್ಯಾಸ್’ ಸಲ್ಲದು; ‘ಡೈಡ್’ ಎಂದರೆ ಸಾಕು.”

ಕನ್ನಡದಲ್ಲಿ ‘2019ರಲ್ಲಿ ತೀರಿಕೊಂಡಿದ್ದಾಳೆ’ ಎನ್ನಲು ಅಡ್ಡಿಯಿಲ್ಲ. ಅಗಲಿದವಳ ಕ್ರಿಯಾಪದದ ಕೊನೆಯಲ್ಲಿಯೂ ‘ಇದ್ದಾಳೆ’ ಉಳಿದೇ ಇರುತ್ತದೆ. ಇಂಗ್ಲಿಷಾದರೋ ಮುಗಿದ ಕಾಲವನ್ನು ಹೆಸರಿಸಿದೊಡನೆ ಇಂದಿನ ನಂಟನ್ನು ಕಡಿದುಬಿಡುತ್ತದೆ.

ತಾತ ಮೌನವಾಗಿ ಆ ಪದವನ್ನು ಹೊಡೆದುಹಾಕಿದರು. ಮುಂದಿನ ಸಾಲು: ‘ಐ ಆಮ್ ಲಿವಿಂಗ್ ಇನ್ ಅವರ್ ಹೌಸ್ ಸಿನ್ಸ್ 1988.’

“ಇಲ್ಲಿ ಮಾತ್ರ ‘ಹ್ಯಾವ್ ಲಿವ್ಡ್’ ಎನ್ನಬೇಕು, ತಾತ. ಅಂದು ತೊಡಗಿದ ಬಾಳು ಇನ್ನೂ ನಡೆಯುತ್ತಿದೆಯಲ್ಲ!”

ವೃದ್ಧರ ಮುಖ ಅರಳಿತು. ‘ಅವರ್ ಹೌಸ್’, ನಮ್ಮ ಮನೆ, ಎಂಬುದನ್ನು ಹುಡುಗಿ ತಿದ್ದಲಿಲ್ಲ.