ದಾಕಿನ ಕಾಲ, ಕೊರೊನಾ ಕಾಲ

ಸಿಡುಬಿನ ದಾಕು ಹಾಕುವವರು ಬಂದರೆಂದರೆ ನಾವು ಮಕ್ಕಳೆಲ್ಲ ಅಟ್ಟ ಹತ್ತುತ್ತಿದ್ದೆವು, ಹುಲ್ಲಿನ ಮೆದೆಯ ಹಿಂದೆ ಅವಿತುಕೊಳ್ಳುತ್ತಿದ್ದೆವು. ಪಾವಗಡದ ಕಡೆಯ ಊರು, ಅರವತ್ತರ ದಶಕದ ಕೊನೆ. ಹಲ್ಲುಗಳಿದ್ದ ಸಣ್ಣ ಬಿಲ್ಲೆಯನ್ನು ತೋಳಿಗೆ ಒತ್ತಿ ತಿರುಗಿಸುತ್ತಿದ್ದರು. ಗಾಯ ಕೀವಾಗಿ, ಜ್ವರ ಬಂದು, ಹಕ್ಕಳೆ ಉದುರಿದ ಮೇಲೆ ಕಲೆ ಉಳಿಯುತ್ತಿತ್ತು. ನನ್ನ ತಮ್ಮನ ಹೊತ್ತಿಗೆ ತುದಿಯಲ್ಲಿ ಕವಲೊಡೆದ ಸೂಜಿ ಬಂತು. ಹದಿನೈದು ಸಲ ಚುಚ್ಚಿದರೆ ಮುಗಿಯಿತು.

ಆ ಸೂಜಿ ಅಮೆರಿಕದಲ್ಲಿ ರೂಪುಗೊಂಡದ್ದು, ಲಸಿಕೆಯನ್ನು ಕೋಟಿಗಟ್ಟಲೆ ಕೊಟ್ಟದ್ದು ಸೋವಿಯತ್ ರಷ್ಯಾ ಎಂಬುದು ನನಗೆ ತಿಳಿದದ್ದು ಶಿಕ್ಷಕರ ತರಬೇತಿಯ ಟಿ.ಸಿ.ಎಚ್. ಓದುವಾಗ. ಪರಸ್ಪರ ಅಣುಬಾಂಬು ಗುರಿಯಿಟ್ಟು ಕೂತಿದ್ದ ಎರಡು ದೇಶಗಳು ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಸಿಡುಬಿನ ಬೆನ್ನು ಹತ್ತಿದವು. 1975ರ ಮೇ ತಿಂಗಳಲ್ಲಿ ಭಾರತದ ಕೊನೆಯ ಪ್ರಕರಣ ಕಂಡುಬಂತು. 1980ರಲ್ಲಿ ಜಗತ್ತಿಗೇ ಸಿಡುಬಿನಿಂದ ಬಿಡುಗಡೆ ಸಿಕ್ಕಿತು. ದೇಶದೇಶಗಳು ಕೂಡಿ ಮಕ್ಕಳಿಗೆ ಇದಕ್ಕಿಂತ ದೊಡ್ಡ ಉಪಕಾರ ಮಾಡಿಲ್ಲವೆಂದೇ ನನ್ನ ನಂಬಿಕೆ.

ಆದರೆ ಆ ಕಾಲ ನೋಡಿದ್ದು ಮಗುವಿನ ತೋಳನ್ನಷ್ಟೇ. ನನ್ನ ಜೊತೆ ಓದುತ್ತಿದ್ದ ಹುಡುಗನೊಬ್ಬನ ತಾಯಿ ಸಿಡುಬಿನಲ್ಲಿ ತೀರಿಕೊಂಡಳು. ತಿಥಿ ಮುಗಿಸಿಕೊಂಡು ಶಾಲೆಗೆ ಬಂದ. ಮೇಷ್ಟ್ರು ಮಗ್ಗಿ ಒಪ್ಪಿಸು ಅಂದರು, ಒಪ್ಪಿಸಿದ. ಬೇಸಿಗೆಯ ಹೊತ್ತಿಗೆ ಕುರಿ ಕಾಯಲು ಹೋದವನು ಮತ್ತೆ ಶಾಲೆಗೆ ಬರಲಿಲ್ಲ. ಮೇಷ್ಟ್ರು ಕೆಟ್ಟವರಲ್ಲ. ಅಂಥ ಹುಡುಗನನ್ನು ಕೂರಿಸಿಕೊಂಡು ಮಾತಾಡಿಸಬೇಕೆಂದು ಅವರಿಗೂ ಯಾರೂ ಕಲಿಸಿರಲಿಲ್ಲ.

ನಾನೂ ಮೇಷ್ಟ್ರಾಗಿ, ನಿವೃತ್ತಿ ಹತ್ತಿರವಿದ್ದಾಗ ಕೊರೊನಾ ಬಂತು. ಈ ಸಲ ಜಗತ್ತು ಬೇರೆ ಥರ ನಡೆದುಕೊಂಡಿತು. 2020ರ ಏಪ್ರಿಲ್‌ನಲ್ಲಿ ಐವತ್ತಕ್ಕೂ ಹೆಚ್ಚು ನೆರವಿನ ಸಂಸ್ಥೆಗಳು ಕೂಡಿ ‘ಮೈ ಹೀರೋ ಈಸ್ ಯು’ ಎಂಬ ಕಥೆಪುಸ್ತಕ ತಂದವು. ಅದಕ್ಕೆ ಮೊದಲು ಹಲವು ದೇಶಗಳ 1,700ಕ್ಕೂ ಹೆಚ್ಚು ಮಕ್ಕಳು, ಹೆತ್ತವರು, ಶಿಕ್ಷಕರನ್ನು ಕೇಳಿ ತಿಳಿದುಕೊಂಡಿದ್ದರು. ಸಾರಾ ಎಂಬ ಹುಡುಗಿ ಆ ಕಥೆಯ ನಾಯಕಿ. ಅದನ್ನು ನಾನು ಫೋನಿನಲ್ಲಿ ನಮ್ಮ ಮಕ್ಕಳಿಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಕಥೆ ಮುಗಿದ ಮೇಲೆ ಮೂರನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಸಾರ್, ಅಜ್ಜಿ ಸತ್ತೋದ್ರೆ ನಮಗೆ ನೋಡಕ್ಕೆ ಬಿಡ್ತಾರಾ?” ಅವಳ ಅಪ್ಪ ಅಮ್ಮ ಬೆಂಗಳೂರಿನಲ್ಲಿ ಗಾರೆ ಕೆಲಸದವರು. ಅವಳನ್ನು ಸಾಕುತ್ತಿದ್ದವಳು ಅಜ್ಜಿ. ಎರಡನೇ ಅಲೆಯಲ್ಲಿ ಆ ಅಜ್ಜಿ ಹೋದಳು.

2021ರ ಜುಲೈಯಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಲವು ದೇಶಗಳ ಸಂಶೋಧಕರು ಕೂಡಿ ಹಾಕಿದ ಅಂದಾಜು ಪ್ರಕಟವಾಯಿತು. ಪಿಡುಗಿನ ಮೊದಲ 14 ತಿಂಗಳಲ್ಲಿ ಜಗತ್ತಿನಾದ್ಯಂತ 15 ಲಕ್ಷಕ್ಕೂ ಹೆಚ್ಚು ಮಕ್ಕಳು ತಾಯಿಯನ್ನೋ ತಂದೆಯನ್ನೋ, ಸಾಕುತ್ತಿದ್ದ ಇಲ್ಲವೇ ಜೊತೆಗಿದ್ದ ಅಜ್ಜ ಅಜ್ಜಿಯನ್ನೋ ಕಳೆದುಕೊಂಡಿದ್ದರು. ಅಜ್ಜಿಯನ್ನೂ ಲೆಕ್ಕಕ್ಕೆ ಹಿಡಿದ ಆ ಸಂಶೋಧಕರ ಮೇಲೆ ನನಗೆ ಗೌರವವಿದೆ. ನಮ್ಮಲ್ಲಿ ಪಿಎಂ ಕೇರ್ಸ್‌ನ ಮಕ್ಕಳ ಯೋಜನೆ ತಂದೆತಾಯಿ ಇಬ್ಬರೂ ಇಲ್ಲದವರಿಗೆ, ಇದ್ದ ಒಬ್ಬರನ್ನೋ ಕಾನೂನಿನ ಪೋಷಕರನ್ನೋ ಕಳೆದುಕೊಂಡವರಿಗೆ ಮಾತ್ರ ಇತ್ತು. ನಮ್ಮ ಹುಡುಗಿಗೆ ಯಾವ ಅರ್ಜಿಯಲ್ಲೂ ಕಾಲಂ ಇರಲಿಲ್ಲ.

ಅವಳಿಗೆ ಉಳಿದಿದ್ದ ಜಾಗ ಶಾಲೆಯೊಂದೇ, ಅದಕ್ಕೂ ಬೀಗ. ಮೊದಲ ವರ್ಷ ಸರ್ಕಾರದ ವಿದ್ಯಾಗಮ ಯೋಜನೆಯಂತೆ ವಠಾರದಲ್ಲಿ, ಗುಡಿಯ ಕಟ್ಟೆಯ ಮೇಲೆ ಪಾಠ ಮಾಡಿದ್ದೆವು. ಕೆಲವೇ ತಿಂಗಳಲ್ಲಿ ಅದೂ ನಿಂತಿತ್ತು. ಮಕ್ಕಳನ್ನು ಇಷ್ಟು ಕಾಲ ಹೊರಗಿಡಬೇಡಿ ಎಂದು ಯುನಿಸೆಫ್, ಯುನೆಸ್ಕೊ ಮತ್ತೆ ಮತ್ತೆ ಹೇಳಿದವು. ಕರ್ನಾಟಕದಲ್ಲಿ ಒಂದರಿಂದ ಐದನೇ ತರಗತಿಯವರೆಗಿನ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ರಂದು, ಮೇಲಿನ ತರಗತಿಗಳೆಲ್ಲ ತೆರೆದಾದ ಮೇಲೆ. ಚಿಕ್ಕವರನ್ನೇ ಕೊನೆಗಿಟ್ಟದ್ದು ತಪ್ಪು.

ಈಗ ಪಾಠ ಮಾಡುತ್ತಿರುವವರಲ್ಲಿ ಒಂದು ಕೋರಿಕೆ. ನಿಮ್ಮ ತರಗತಿಯ ಪ್ರತಿ ಮಗುವಿಗೂ ಮನೆಯಲ್ಲಿ ಅನ್ನ ಬಡಿಸುವವರು ಯಾರೆಂದು ಕೇಳಿ, ಹಾಜರಿ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಪಿಡುಗು ಬರುವವರೆಗೆ ಕಾಯಬೇಡಿ.